ಪೆನ್ನಿನ ಪೆಟ್ಟಿಗೆಯನ್ನು ಇಡಿಯಾಗಿ ಕೊಡಬೇಡಿ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಕನ್ನಡ ಅಧ್ಯಾಪಕ. ವಯಸ್ಸು ಎಪ್ಪತ್ತೈದು. ಕೆಲಸಕ್ಕೆ ಸೇರಿದಂದಿನಿಂದ ಕೂಡಿಸಿದ ಶಾಯಿಪೆನ್ನುಗಳು ನೂರಮೂವತ್ತರ ಹತ್ತಿರ ಇವೆ. ಎರಡು ಪಾರ್ಕರ್ 51, ನಾಲ್ಕೈದು ಶೀಫರ್, ಮದ್ರಾಸಿನಲ್ಲಿ ತಯಾರಾದ ಪೈಲಟ್, ರಾಜಮಂಡ್ರಿಯ ರತ್ನಂ, ಮತ್ತೆ ಹಳೆ ವಿದ್ಯಾರ್ಥಿಗಳು ಗಲ್ಫಿನಿಂದ ತಂದುಕೊಟ್ಟ ಹೀರೋ ಪೆನ್ನುಗಳ ರಾಶಿ. ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲಿ. ಇಬ್ಬರಿಗೂ ಇದರಲ್ಲಿ ಆಸಕ್ತಿ ಇಲ್ಲ. ಮಂಗಳೂರಿನ ಒಬ್ಬರು ಬಂದು ನೋಡಿ, ಎಲ್ಲ ಸೇರಿ ನಲವತ್ತು ಸಾವಿರ ಕೊಡುತ್ತೇನೆ ಎಂದಿದ್ದಾರೆ. ಚಿನ್ನದ ಕೆಲಸದ ಪರಿಚಯಸ್ಥರು, ನಿಬ್ಬು ಬಿಚ್ಚಿ ಚಿನ್ನದ ಲೆಕ್ಕಕ್ಕೆ ಕೊಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮಾಷ್ಟ್ರೇ, ಸದ್ಯಕ್ಕೆ ಎರಡಕ್ಕೂ ಒಪ್ಪಬೇಡಿ.

ಚಿನ್ನದ ಮಾತು ಮೊದಲು ಮುಗಿಸೋಣ. ನಿಬ್ಬಿನ ಮೇಲೆ 14ಕೆ ಅಥವಾ 585 ಎಂದಿದ್ದರೆ ಅದರಲ್ಲಿ ನೂರಕ್ಕೆ 58.5 ಪಾಲು ಚಿನ್ನ. 18ಕೆ ಅಥವಾ 750 ಎಂದಿದ್ದರೆ ಮುಕ್ಕಾಲು ಪಾಲು. ಆದರೆ ಸಾಮಾನ್ಯ ಗಾತ್ರದ ನಿಬ್ಬು ತೂಗುವುದೇ ಅರ್ಧ ಗ್ರಾಮಿನ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಸುಸ್ಥಿತಿಯಲ್ಲಿರುವ ಪಾರ್ಕರ್ 51 ಇಡಿಯಾಗಿ ತರುವ ಹಣವನ್ನು ಅದರ ನಿಬ್ಬಿನ ಚಿನ್ನ ತರುವುದಿಲ್ಲ. ನಿಬ್ಬು ಕಿತ್ತ ಪೆನ್ನನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ‘ಇರಿಡಿಯಂ ಪಾಯಿಂಟ್’ ಎಂದು ಬರೆದಿರುವುದಂತೂ ಚಿನ್ನದ ಗುರುತೇ ಅಲ್ಲ. ಅದು ನಿಬ್ಬಿನ ತುದಿಗೆ ಬೆಸೆದ ಗಟ್ಟಿ ಲೋಹದ ಮಾತು.

ಇನ್ನು ನಲವತ್ತು ಸಾವಿರ. ಅದು ಹೆಚ್ಚೋ ಕಡಿಮೆಯೋ ಎಂದು ಪೆಟ್ಟಿಗೆ ನೋಡದೆ ನಾನು ಹೇಳಲಾರೆ. ಬಂದವರು ಮೋಸಗಾರರು ಎಂದೂ ಹೇಳುವುದಿಲ್ಲ. ವ್ಯಾಪಾರಿ ಒಟ್ಟಿಗೆ ಕೊಂಡರೆ ಬಿಡಿಯಾಗಿ ಮಾರುವ ಬೆಲೆಯ ಅರ್ಧಕ್ಕೋ ಅದಕ್ಕೂ ಕೆಳಗೋ ಕೇಳುವುದು ಈ ವ್ಯಾಪಾರದ ಪದ್ಧತಿ. ದುರಸ್ತಿಯ ಖರ್ಚು, ವರ್ಷಗಟ್ಟಲೆ ಕಟ್ಟಿ ಬೀಳುವ ಬಂಡವಾಳ ಅವರದು. ನನಗೆ ಹೆದರಿಕೆ ಬೇರೆ ಕಡೆ. ಪೆಟ್ಟಿಗೆ ಇಡಿಯಾಗಿ ಹೋದರೆ ಅವರು ಬೇಕಾದ ಹತ್ತು ಹದಿನೈದನ್ನು ಆರಿಸಿಕೊಳ್ಳುತ್ತಾರೆ, ಮಿಕ್ಕವು ಗುಜರಿಗೆ ಬೀಳುತ್ತವೆ. ಯಾವ ಪೆನ್ನು ಎಲ್ಲಿಂದ ಬಂತು ಎಂಬ ನಿಮ್ಮ ತಿಳಿವಳಿಕೆಯೂ ಅದರ ಜೊತೆಗೇ ಹೋಗುತ್ತದೆ.

ಹಾಗಾಗಿ ಮೊದಲ ಕೆಲಸ ಮಾರಾಟವಲ್ಲ, ಪಟ್ಟಿ. ಇದನ್ನು ನೀವೇ ಮಾಡಬೇಕು, ಈಗಲೇ ಮಾಡಬೇಕು. ಮಗ ಮುಂದೆ ಎಷ್ಟು ಬುದ್ಧಿವಂತಿಕೆಯಿಂದ ಮಾರಿದರೂ ಇದು ಅವನ ಕೈಲಿ ಆಗದು. ಹಾಜರಿ ಪುಸ್ತಕದಂಥ ಉದ್ದ ಪುಸ್ತಕ ಸಾಕು. ಪ್ರತಿ ಪೆನ್ನಿಗೊಂದು ಸಂಖ್ಯೆ ಕೊಡಿ, ಕಾಗದದ ಚೀಟಿಗೆ ದಾರ ಪೋಣಿಸಿ ಕ್ಲಿಪ್ಪಿಗೆ ಕಟ್ಟಿ. ಅಂಟಿನ ಸ್ಟಿಕ್ಕರ್ ಬೇಡ, ಹಳೆಯ ಪೆನ್ನುಗಳ ಮೈಗೆ ಕಲೆಯಾಗುತ್ತದೆ. ಸಂಖ್ಯೆಯ ಎದುರು ಕಂಪನಿ, ಎಲ್ಲಿ ಕೊಂಡದ್ದು ಅಥವಾ ಯಾರು ಕೊಟ್ಟದ್ದು, ಸುಮಾರು ಯಾವ ವರ್ಷ, ದುರಸ್ತಿಯಾಗಿದೆಯೇ, ಪೆಟ್ಟಿಗೆ ಮತ್ತು ಬಿಲ್ಲು ಇದೆಯೇ, ಬರೆಯುತ್ತದೆಯೇ ಎಂದು ಬರೆಯುತ್ತ ಹೋಗಿ. ದಿನಕ್ಕೆ ನಾಲ್ಕೈದು ಆದರೆ ಸಾಕು.

ಪಾರ್ಕರ್ 51ನ್ನೇ ತೆಗೆದುಕೊಳ್ಳಿ. 1941ರಲ್ಲಿ ಮಾರುಕಟ್ಟೆಗೆ ಬಂದ ಇದರಲ್ಲಿ ನಿಬ್ಬಿನ ತುದಿ ಮಾತ್ರ ಕಾಣುತ್ತದೆ, ಮಿಕ್ಕದ್ದೆಲ್ಲ ಮುಂಭಾಗದ ಕವಚದ (ಹುಡ್) ಒಳಗೆ. ಬೆಳಕಿಗೆ ಓರೆಯಾಗಿ ಹಿಡಿದು ಮೈಮೇಲಿನ ಅಚ್ಚನ್ನು ಓದಿ: ಅಮೆರಿಕದ್ದೋ, ಇಂಗ್ಲೆಂಡಿನದೋ? 1940ರ ದಶಕದ ಅಮೆರಿಕನ್ ಪೆನ್ನಾದರೆ ಅಚ್ಚಿನ ಬಳಿ ಒಂಟಿ ಅಂಕಿ, ಕೆಲವೊಮ್ಮೆ ಪಕ್ಕದಲ್ಲಿ ಚುಕ್ಕಿಗಳು ಸಿಗುತ್ತವೆ. ಅಂಕಿ ಎಂದರೆ ತಯಾರಾದ ವರ್ಷದ ಕೊನೆಯ ಅಂಕಿ. ಹಿಂಬದಿಯ ಪುಟ್ಟ ಮುಚ್ಚಳ ತಿರುಗಿಸಿ ತೆಗೆದಾಗ ಒತ್ತುವ ಕಡ್ಡಿ ಕಂಡರೆ ಅದು ವ್ಯಾಕ್ಯುಮ್ಯಾಟಿಕ್ ಎಂಬ ಶಾಯಿ ತುಂಬುವ ವ್ಯವಸ್ಥೆಯದು. ಅದರ ಒಳಗಿನ ರಬ್ಬರ್ ಪೊರೆ ಇಷ್ಟು ಹೊತ್ತಿಗೆ ಗಟ್ಟಿಯಾಗಿಯೋ ಹರಿದೋ ಹೋಗಿರುವುದೇ ಹೆಚ್ಚು. ಮೈ ಬಿಚ್ಚಿದಾಗ ಲೋಹದ ಕವಚದಲ್ಲಿ ಒತ್ತುವ ಪಟ್ಟಿ ಕಂಡರೆ ಅದು 1948ರಿಂದ ಬಂದ ಏರೋಮೆಟ್ರಿಕ್. ಅದರ ಪಾರದರ್ಶಕ ಚೀಲ ಬಾಳಿಕೆಯದು, ತೊಳೆದರೆ ಇಂದಿಗೂ ಬರೆಯುವವು ಬಹಳ ಇವೆ. ‘51 ಸ್ಪೆಷಲ್’ ಆದರೆ ನಿಬ್ಬು ಚಿನ್ನದ್ದಲ್ಲ, ಉಕ್ಕಿನಂಥ ಮಿಶ್ರಲೋಹದ್ದು. ಇಷ್ಟನ್ನು ಬರೆದಿಟ್ಟರೆ ಕೊಳ್ಳುವವರು ನಿಮ್ಮೊಡನೆ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ದಯವಿಟ್ಟು ಪಾಲಿಶ್ ಮಾಡಬೇಡಿ. ದೀಪ ಉಜ್ಜುವ ಬ್ರಾಸೋ ತಾಗಿದರೆ ಆ ಸಣ್ಣ ಅಚ್ಚು ಸವೆದುಹೋಗುತ್ತದೆ, ಅಚ್ಚು ಸವೆದ ಪೆನ್ನಿನ ಬೆಲೆ ಇಳಿಯುತ್ತದೆ. ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ನೆನೆಸಿ, ಒಣಗಿದ ಶಾಯಿ ಬಿಡುವ ತನಕ ನೀರು ಬದಲಿಸಿದರೆ ಸಾಕು. ರತ್ನಂ ಪೆನ್ನುಗಳು ಎಬೊನೈಟ್ ಎಂಬ ಗಟ್ಟಿ ರಬ್ಬರಿನವಾದರೆ ಬಿಸಿನೀರು, ಬಿಸಿಲು ಎರಡರಿಂದಲೂ ದೂರವಿಡಿ. ಕಪ್ಪು ಎಬೊನೈಟ್ ಒಮ್ಮೆ ಕಂದುಬಣ್ಣಕ್ಕೆ ತಿರುಗಿದರೆ ಮೊದಲಿನ ಹೊಳಪು ಸುಲಭವಾಗಿ ಬಾರದು. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಪೆನ್ನಿಗೆ ಸ್ಪಿರಿಟ್ ತಾಗಿಸಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಲೂ ಬೇಡಿ. ಮೈಮೇಲೆ ಯಾರದಾದರೂ ಹೆಸರು ಕೆತ್ತಿದ್ದರೆ ಹಾಗೆಯೇ ಇರಲಿ. ಅಪರಿಚಿತರ ಹೆಸರಿದ್ದರೆ ಬೆಲೆ ಸ್ವಲ್ಪ ತಗ್ಗುವುದು ನಿಜ, ಉಜ್ಜಿ ಅಳಿಸಿದರೆ ಇನ್ನೂ ತಗ್ಗುತ್ತದೆ.

ಬೆಲೆ ತಿಳಿಯಲು ಮಗನ ಸಹಾಯ ಪಡೆಯಿರಿ. ಆನ್‌ಲೈನಿನಲ್ಲಿ ಮಾರುವವರು ಕೇಳುವ ಬೆಲೆಗೆ ಅರ್ಥವಿಲ್ಲ. ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಈಗಾಗಲೇ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ನೋಡಲಿ. ಅಲ್ಲಿಯದು ವಿದೇಶದ ಬೆಲೆ, ಇಲ್ಲಿ ಅಷ್ಟೇ ಸಿಗಬೇಕೆಂದಿಲ್ಲ.

ಪಟ್ಟಿ ಆದ ಮೇಲೆ, ನವರಾತ್ರಿಗೋ ಬಿಸುವಿಗೋ ಮಕ್ಕಳು ಮನೆಗೆ ಬಂದಾಗ, ಅದನ್ನು ಓದಿ ಹೇಳಿ. ಒಬ್ಬೊಬ್ಬರೂ ಒಂದೆರಡು ಆರಿಸಿಕೊಳ್ಳಲಿ. ಆಸಕ್ತಿ ಇಲ್ಲ ಎಂದವರು ಇದುವರೆಗೆ ಬೀಗ ಹಾಕಿದ ಪೆಟ್ಟಿಗೆಯನ್ನಷ್ಟೇ ನೋಡಿದ್ದಾರೆ. ಇಂಥ ವಿದ್ಯಾರ್ಥಿ ಮೊದಲ ಸಂಬಳದಲ್ಲಿ ತಂದುಕೊಟ್ಟದ್ದು ಎಂದು ತಿಳಿದರೆ ಮಾತು ಬದಲಾಗಬಹುದು. ನಿಮ್ಮ ಬಳಕೆಗೆಂದು ನಾಲ್ಕೈದನ್ನು ನೀವೂ ಉಳಿಸಿಕೊಳ್ಳಿ. ಪೂರ್ತಿ ಬರಿಗೈ ಮಾಡಿಕೊಂಡು ಕೊರಗಿದವರನ್ನು ನಾನು ಬಲ್ಲೆ.

ಪಾರ್ಕರ್, ಶೀಫರ್ ಹಾಗೂ ಒಳ್ಳೆಯ ಸ್ಥಿತಿಯ ರತ್ನಂ ಬಿಡಿಬಿಡಿಯಾಗಿ ಸಂಗ್ರಾಹಕರಿಗೇ ಹೋಗಲಿ. 1930ರ ದಶಕದಲ್ಲಿ ಸ್ವದೇಶಿ ಪೆನ್ನೆಂದು ಗಾಂಧೀಜಿಯ ಕೈ ಸೇರಿದ್ದು ರತ್ನಂ. ಅದನ್ನು ಹುಡುಕುವವರು ಇಂದಿಗೂ ಇದ್ದಾರೆ. ಹಗಲ ಬೆಳಕಿನಲ್ಲಿ ಜಗಲಿಯಲ್ಲಿಟ್ಟು ಫೋಟೋ ತೆಗೆಯಿರಿ: ಮುಚ್ಚಳ ಹಾಕಿ, ತೆಗೆದು, ನಿಬ್ಬು ಹತ್ತಿರದಿಂದ, ಅಚ್ಚು ಹತ್ತಿರದಿಂದ. ಬಿರುಕು ಇದ್ದರೆ ಅದರದೂ ಒಂದು. ಯಾರಾದರೂ ಕಮಿಷನ್ನಿಗೆ ಮಾರಿಕೊಡುತ್ತೇನೆ ಎಂದರೆ ಮೊದಲು ಎರಡೇ ಪೆನ್ನು ಕೊಟ್ಟು ನೋಡಿ. ನೂರಕ್ಕೆ ಎಷ್ಟು, ಹಣ ಯಾವಾಗ ಎಂಬುದು ಕಾಗದದ ಮೇಲಿರಲಿ. ಹಣ ಕಳಿಸುತ್ತೇನೆ, ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದವರ ಫೋನು ಅಲ್ಲಿಗೇ ಇಡಿ. ನಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ನೂರು ವರ್ಷ ದಾಟಿದ ಪೆನ್ನೇನಾದರೂ ಇದ್ದರೆ ವಿದೇಶಕ್ಕೆ ಕಳಿಸುವ ಮಾತು ಬೇಡ, 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ.

ಅಂಚೆಯಲ್ಲಿ ಕಳಿಸುವಾಗ ಶಾಯಿ ಪೂರ್ತಿ ಖಾಲಿ ಮಾಡಿ. ಪೆನ್ನನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ವೈರಿಂಗಿಗೆ ಬಳಸುವ ಪಿವಿಸಿ ಪೈಪಿನ ತುಂಡಿನಲ್ಲಿ ತೂರಿಸಿ ಎರಡೂ ತುದಿ ಮುಚ್ಚಿದರೆ ಚೀಲದಡಿ ಸಿಕ್ಕಿದರೂ ಮುರಿಯದು. ಬೆಲೆಬಾಳುವುದಕ್ಕೆ ವಿಮೆ ಮಾಡಿಸಿ. ನಮ್ಮ ಕಡೆಯ ಜೂನ್ ಜುಲೈ ಮಳೆ ಕಳೆಯುವ ತನಕ ಕಳಿಸುವುದನ್ನು ಮುಂದೂಡುವುದು ಒಳ್ಳೆಯದು.

ಹೀರೋಗಳಲ್ಲಿ ಹೆಚ್ಚಿನವು 329, 616ರಂಥ ಉಕ್ಕಿನ ನಿಬ್ಬಿನವು. ಹೀರೋ 100 ಇದ್ದರೆ ಬದಿಗಿಡಿ, ಅದರದು ಚಿನ್ನದ ನಿಬ್ಬು. ಮಿಕ್ಕವನ್ನು ಮಾರಿದರೆ ಓಡಾಟದ ಖರ್ಚೂ ಹುಟ್ಟಲಿಕ್ಕಿಲ್ಲ. ಅವು ಬರೆಯುವ ಕೈ ಸೇರಲಿ ಎಂಬುದು ನನ್ನ ಆಸೆ. ಪ್ಲಾಸ್ಟಿಕ್ ಕಸ ತಗ್ಗಿಸಲೆಂದು ಕೇರಳದ ಹಲವು ಶಾಲೆಗಳು ಮಕ್ಕಳ ಕೈಗೆ ಮತ್ತೆ ಶಾಯಿಪೆನ್ನು ಕೊಟ್ಟಿವೆ. ನೀವು ಕಲಿಸಿದ ಕನ್ನಡ ಶಾಲೆಯಲ್ಲೇ ಏಳನೆಯ ತರಗತಿಯವರಿಗೆ ಒಂದೊಂದು ಹಂಚಿ, ಶಾಯಿ ತುಂಬುವುದನ್ನೂ ತೊಳೆಯುವುದನ್ನೂ ನೀವೇ ಒಂದು ಮಧ್ಯಾಹ್ನ ಹೇಳಿಕೊಡಿ. ಗಲ್ಫಿನಿಂದ ತಂದುಕೊಟ್ಟ ಹುಡುಗರೂ ಇದೇ ಶಾಲೆಗಳಲ್ಲಿ ಓದಿದವರು, ಅವರಿಗೆ ಬೇಸರವಾಗದು.

ಇಷ್ಟೆಲ್ಲ ಆದ ಮೇಲೆ ಉಳಿದದ್ದಕ್ಕೆ ಮಂಗಳೂರಿನವರನ್ನು ಮತ್ತೆ ಕರೆಯಿರಿ. ಈ ಸಲ ಪಟ್ಟಿ ಮುಂದಿಟ್ಟು ಮಾತಾಡಿ.

ಪ್ರಶ್ನೆ: ಅಪ್ಪನ ಹಳೆಯ ಶೀಫರ್ ಪೆನ್ನಿನೊಳಗಿನ ರಬ್ಬರ್ ಚೀಲ ಕರಗಿ ಅಂಟಾಗಿದೆ. ಮಾರುವ ಮೊದಲು ದುರಸ್ತಿ ಮಾಡಿಸಬೇಕೇ? (ಕುಂಬಳೆಯ ಓದುಗರು)

ಉತ್ತರ: ಬೇಡ. ಸಂಗ್ರಾಹಕರಲ್ಲಿ ಅನೇಕರು ತಾವೇ ನಂಬಿದವರಿಂದ ದುರಸ್ತಿ ಮಾಡಿಸಲು ಇಷ್ಟಪಡುತ್ತಾರೆ. ‘ಚೀಲ ಹೋಗಿದೆ, ದುರಸ್ತಿ ಆಗಿಲ್ಲ’ ಎಂದು ತಿಳಿಸಿ ಮಾರಿದರೆ ಯಾರೂ ದೂರುವುದಿಲ್ಲ. ನೀವೇ ಬರೆಯಲು ಇಟ್ಟುಕೊಳ್ಳುವುದಾದರೆ ಮಾತ್ರ ಚೆನ್ನೈನ ಜೆಮ್ ಅಥವಾ ಹೈದರಾಬಾದಿನ ಡೆಕ್ಕನ್ ಪೆನ್ ಸ್ಟೋರ್ಸ್‌ನಂಥ ಹಳೆಯ ಅಂಗಡಿಯಲ್ಲಿ ವಿಚಾರಿಸಿ. ಮನೆಯಲ್ಲಿ ಇಕ್ಕಳ ಹಾಕಿ ತಿರುಗಿಸಬೇಡಿ. ನಿಬ್ಬಿನ ಭಾಗ ಬಿಗಿದುಕೊಂಡಿರುತ್ತದೆ, ಎಳೆದರೆ ಮೈ ಸೀಳುತ್ತದೆ.