ನಮ್ಮ ಬಡಾವಣೆ ಕೆಲಸಕ್ಕೆ ಆನ್‌ಲೈನ್‌ನಲ್ಲಿ ಎಲ್ಲರಿಂದ ಮಾಹಿತಿ ಸೇರಿಸಿದರೆ ನಿಜವಾಗಿ ಏನಾದರೂ ಆಗುತ್ತದೆಯೇ?

ಆಗುತ್ತದೆ, ಪ್ರಶ್ನೆ ಚಿಕ್ಕದಾಗಿದ್ದರೆ. "ಬಡಾವಣೆಗೆ ಏನು ಬೇಕು, ಸಲಹೆ ಕೊಡಿ" ಅಂತ ಗೂಗಲ್ ಫಾರ್ಮ್ ಹಾಕಿದರೆ ಬರುವುದು ಬರೀ ಗೊಣಗಾಟ. ಪಾರ್ಕಿಂಗ್, ಬೀದಿನಾಯಿ, ಪಕ್ಕದ ಮನೆಯವರ ಜಗಳ. ಅದನ್ನು ಹಿಡಿದುಕೊಂಡು ಯಾರ ಹತ್ತಿರ ಹೋಗುತ್ತೀರಿ?

ನಾನಿರುವುದು ಬೆಂಗಳೂರಿನ ಪೀಣ್ಯ ಕಡೆ. ನಾವು ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದು ಒಂದೇ: ರಾತ್ರಿ ಯಾವ ಕಂಬದ ದೀಪ ಉರಿಯುವುದಿಲ್ಲ? ಕಂಬದ ನಂಬರು ಹೇಳಿ, ಇಲ್ಲದಿದ್ದರೆ ಎದುರಿನ ಅಂಗಡಿ ಹೆಸರು ಹೇಳಿ. ಬರೀ ಫೋಟೋ ಸಾಲದು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಾಗ ಅದರೊಳಗಿನ ಜಾಗದ ವಿವರ ಅಳಿಸಿಹೋಗುತ್ತದೆ. ಲೊಕೇಶನ್ ಬೇರೆಯಾಗಿ ಕಳಿಸಲು ಹೇಳಿ. ಫಾರ್ಮ್‌ನಲ್ಲಿ ಫೋಟೋ ಹಾಕಬೇಕಾದರೆ ಗೂಗಲ್ ಲಾಗಿನ್ ಕೇಳುತ್ತದೆ, ಅರ್ಧ ಜನ ಅಲ್ಲೇ ಬಿಟ್ಟುಬಿಡುತ್ತಾರೆ. (ದೀಪ ಉರಿಯುತ್ತಿಲ್ಲ ಅಂತ ಮಟಮಟ ಮಧ್ಯಾಹ್ನದ ಫೋಟೋ ಕಳಿಸುವವರೂ ಇದ್ದಾರೆ. ಇರಲಿ.)

ಆದರೆ ಒಂದು ವಿಷಯ. ಗುಂಪಿನಲ್ಲಿ ಇರುವವರು ಯಾರು? ಹೆಚ್ಚಾಗಿ ಸ್ವಂತ ಮನೆಯವರು, ಒಂಬತ್ತಕ್ಕೆಲ್ಲ ಬಾಗಿಲು ಹಾಕಿಕೊಳ್ಳುವವರು. ಕತ್ತಲಲ್ಲಿ ನಡೆಯುವುದು ಗಾರ್ಮೆಂಟ್ಸ್‌ನಿಂದ ತಡವಾಗಿ ಬರುವ ಹೆಣ್ಣುಮಕ್ಕಳು, ಬೆಳಗಿನ ಜಾವ ಕೆಲಸಕ್ಕೆ ಬರುವ ಪೌರಕಾರ್ಮಿಕರು. ಅವರು ನಮ್ಮ ಗುಂಪಿನಲ್ಲಿ ಇರಲೇ ಇಲ್ಲ. ಬಸ್ ಸ್ಟಾಪಿನಲ್ಲಿ ನಿಂತು ಕೇಳಿದ ಮೇಲೆ, ನಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಇಡೀ ಓಣಿ ಮೊದಲ ಸಾಲಿಗೆ ಬಂತು. ಆನ್‌ಲೈನ್ ಪಟ್ಟಿಯನ್ನೇ ಊರಿನ ಅಭಿಪ್ರಾಯ ಅಂದುಕೊಳ್ಳಬೇಡಿ.

ಇನ್ನು ಯಾವ ದೂರು ಯಾವ ಕಚೇರಿಗೆ ಸೇರಿದ್ದು ಅಂತ ನೀವೇ ಬೇರೆ ಮಾಡಬೇಕು. ಬೀದಿದೀಪ, ಫುಟ್‌ಪಾತ್ ಪಾಲಿಕೆಗೆ, ಸಹಾಯವಾಣಿ 1533. ಕರೆಂಟ್ ಹೋದರೆ ಬೆಸ್ಕಾಂ, 1912. ನೀರು, ಒಳಚರಂಡಿ ಜಲಮಂಡಳಿ, 1916. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಮೂವರೂ "ಇದು ನಮ್ಮದಲ್ಲ" ಅನ್ನುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹಳೇ ಪಾಲಿಕೆ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು, ಅದಕ್ಕೆ ಮತ್ತೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆ ಬಂದವು. ಹಾಗಾಗಿ ಹಳೇ ವಾರ್ಡ್ ಲೆಕ್ಕ ಬಿಡಿ, ನಿಮ್ಮ ಬೀದಿ ಈಗ ಯಾವ ಪಾಲಿಕೆಗೆ, ಯಾವ ಎಂಜಿನಿಯರ್‌ಗೆ ಸೇರುತ್ತದೆ ಅಂತ ಪ್ರಶ್ನೆ ಹಾಕುವ ಮೊದಲೇ ತಿಳಿದುಕೊಳ್ಳಿ.

ದೊಡ್ಡ ಮಟ್ಟದಲ್ಲೂ ಇದೇ ಕಥೆ ಅಲ್ವಾ? ಜನಾಗ್ರಹ ಸಂಸ್ಥೆ 2010ರಲ್ಲಿ ಶುರು ಮಾಡಿದ 'ಐ ಪೇಯ್ಡ್ ಎ ಬ್ರೈಬ್' (ನಾನು ಲಂಚ ಕೊಟ್ಟೆ) ವೆಬ್‌ಸೈಟ್ ಜನರನ್ನು ಕೇಳಿದ್ದು ಎಲ್ಲಿ, ಯಾವ ಕೆಲಸಕ್ಕೆ, ಎಷ್ಟು ಲಂಚ ಕೊಟ್ಟಿರಿ ಅಂತ. ಹೆಸರು ಹೇಳಬೇಕಿರಲಿಲ್ಲ. "ಭ್ರಷ್ಟಾಚಾರದ ಬಗ್ಗೆ ನಿಮ್ಮ ಅನಿಸಿಕೆ" ಅಂತ ಕೇಳಿದ್ದರೆ ಸುಮ್ನೆ ಭಾಷಣ ಸಿಗುತ್ತಿತ್ತು.

ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಅದರ ಫೋಟೋ ಗುಂಪಿಗೆ ಹಾಕಿ. ರಿಪೇರಿಯಾದ ಕಂಬಗಳನ್ನೂ ಹಾಕಿ, ಆಗದವನ್ನೂ ಹಾಕಿ. ನಮ್ಮಲ್ಲಿ ಎರಡನೇ ಸಲ ಕೇಳಿದಾಗ ಜಾಸ್ತಿ ಜನ ಉತ್ತರ ಕೊಟ್ಟಿದ್ದು ಅದನ್ನು ನೋಡಿಯೇ.