ಆರು ವರ್ಷದ ಮಗ ಸುಮ್ನೆ ಸುಮ್ನೆ ಕಣ್ಣು ಮಿಟುಕಿಸುತ್ತಾನೆ, ಗಂಟಲಲ್ಲಿ ಸದ್ದು ಮಾಡುತ್ತಾನೆ. ಇದು ಚಾಳಿಯಾ, ಕಾಯಿಲೆಯಾ?

ಕಣ್ಣಿನ ಡಾಕ್ಟರ್ ತೊಂದರೆ ಇಲ್ಲ ಅಂದಿದ್ದಾರೆ, ಸಿರಪ್ ಮುಗಿದರೂ ಗಂಟಲಿನ ಸದ್ದು ನಿಂತಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಇದು ಟಿಕ್ಸ್ ಇರಬಹುದು, ಅಂದರೆ ತಾನಾಗಿ ಮತ್ತೆ ಮತ್ತೆ ಬರುವ ಸಣ್ಣ ಚಲನೆ ಅಥವಾ ಸದ್ದು. ನಾನು ಡಾಕ್ಟರ್ ಅಲ್ಲ, ನಾಪೋಕ್ಲು ಕಡೆಯ ನಲಿಕಲಿ ಟೀಚರ್. ಇಂಥ ಮಕ್ಕಳನ್ನು ದಿನವಿಡೀ ಹತ್ತಿರದಿಂದ ನೋಡಿದ್ದೇನೆ.

ಕೊಡಗಿನ ಮಳೆಗಾಲದಲ್ಲಿ ಕೆಮ್ಮದ ಮಗು ಯಾವುದಿದೆ ಹೇಳಿ? ಹಾಗಾಗಿ ಗಂಟಲಿನ ಟಿಕ್ ಶೀತದ ಲೆಕ್ಕಕ್ಕೆ ಹೋಗಿಬಿಡುತ್ತದೆ. ರಾತ್ರಿ ಗಮನಿಸಿ. ಶೀತದ ಕೆಮ್ಮು ನಿದ್ದೆಯಲ್ಲೂ ಬರುತ್ತದೆ, ಟಿಕ್ ನಿದ್ದೆಯಲ್ಲಿ ಬಹುಪಾಲು ಇರುವುದಿಲ್ಲ.

ನನ್ನ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಓದುವಾಗ ಎರಡು ಪದಕ್ಕೊಮ್ಮೆ ಭುಜ ಹಾರಿಸುತ್ತಿದ್ದ. ಅವನೇ ಆನೆ ಚಿತ್ರಕ್ಕೆ ಬಣ್ಣ ತುಂಬಲು ಕೂತರೆ ಭುಜ ಅಲ್ಲಾಡುತ್ತಲೇ ಇರಲಿಲ್ಲ. 'ನೋಡಿ, ಬೇಕೂಂತಲೇ ಮಾಡ್ತಾನೆ' ಅನ್ನುತ್ತಿದ್ದರು ಮನೆಯವರು. ಅಲ್ಲವೇ ಅಲ್ಲ. ಅದು ಸೀನಿನ ಹಾಗೆ, ತುಸು ಹೊತ್ತು ತಡೆಯಬಹುದು, ಆಮೇಲೆ ಬಂದೇ ಬರುತ್ತದೆ. ಮನಸ್ಸು ಕೆಲಸದಲ್ಲಿ ಮುಳುಗಿದಾಗ ಕಡಿಮೆ, ಸುಸ್ತು, ಭಯ, ಖುಷಿ ಹೆಚ್ಚಾದಾಗ ಜಾಸ್ತಿ. 'ಮಾಡಬೇಡ' ಅಂದಷ್ಟೂ ಹೆಚ್ಚುತ್ತದೆ. ದಯವಿಟ್ಟು ಗದರಬೇಡಿ, ಬೇರೆಯವರೆದುರು ಅದರ ಮಾತೇ ಎತ್ತಬೇಡಿ.

ಸಾಮಾನ್ಯವಾಗಿ 4ರಿಂದ 7 ವರ್ಷದೊಳಗೆ ಶುರುವಾಗುತ್ತದೆ, ಮೊದಲು ಕಾಣುವುದು ಹೆಚ್ಚಾಗಿ ಕಣ್ಣು ಮಿಟುಕಿಸುವುದೇ. ಗಂಡುಮಕ್ಕಳಲ್ಲಿ ಜಾಸ್ತಿ. ಕೆಲವು ವಾರ ಹೋಗಿ ಮತ್ತೆ ಬರಬಹುದು, ಕಣ್ಣಿಂದ ಮೂಗಿಗೋ ಕುತ್ತಿಗೆಗೋ ಬದಲಾಗಬಹುದು. ಎಷ್ಟೋ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಎರಡಾದರೂ ಬಗೆಯ ಚಲನೆ, ಜೊತೆಗೆ ಒಂದಾದರೂ ಸದ್ದು ಸೇರಿ ವರ್ಷ ದಾಟಿದರೆ ಅದನ್ನು ಟುರೆಟ್ ಅನ್ನುತ್ತಾರೆ. ಅದಕ್ಕೂ ತರಬೇತಿ, ಔಷಧಿ ಎರಡೂ ಇವೆ.

ಆದರೆ ಕಣ್ಣು ಮಿಟುಕಿಸುವ, ಸದ್ದು ಮಾಡುವ ಹೊತ್ತಲ್ಲಿ ಕರೆದರೆ ಓಗೊಡದಿದ್ದರೆ, ನಿದ್ದೆಯಲ್ಲೂ ಕೈಕಾಲು ಎಳೆದರೆ, ಗಂಟಲು ನೋವು ಜ್ವರ ಬಂದು ಹೋದ ಮೇಲೆ ಕೈಕಾಲು ತಾನಾಗಿ ಕುಣಿದಂತಾದರೆ, ನಡಿಗೆ ತಡವರಿಸಿದರೆ ಕಾಯಬೇಡಿ. ಇವು ಫಿಟ್ಸ್ ಅಥವಾ ಬೇರೆ ಕಾಯಿಲೆ ಇರಬಹುದು.

ನೀವು ಕುಶಾಲನಗರದವರು ಅಂದಿರಿ, ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಮೊದಲು ತೋರಿಸಿ. ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಹೋಗುವ ಮುಂಚೆ ಅವನಿಗೆ ಗೊತ್ತಾಗದಂತೆ ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಿ, ಡಾಕ್ಟರ್ ಮುಂದೆ ಎಷ್ಟೋ ಸಲ ಟಿಕ್ ಬರುವುದೇ ಇಲ್ಲ. ಶಾಲೆಯ ಟೀಚರಿಗೂ ಆ ವಿಡಿಯೋ ತೋರಿಸಿ ವಿಷಯ ತಿಳಿಸಿ, ಅವನನ್ನು ಎಬ್ಬಿಸಿ ನಿಲ್ಲಿಸುವುದು ತಪ್ಪಲಿ.