ಗಿರ್ಮಿಟ್ ಮಾತ್ರ ಪಾರ್ಸಲ್ ಕಟ್ಟಿಸಬೇಡಿ

ಎರಡು ದಿನ ಹುಬ್ಬಳ್ಳಿಗೆ ಬರ್ತಿದ್ದೇನೆ, ಯಾವ ಹೋಟೆಲಲ್ಲಿ ಏನು ತಿನ್ನಲಿ, ಮನೆಯವರಿಗೆ ಏನೇನು ಪಾರ್ಸಲ್ ಒಯ್ಯಲಿ ಅಂತ ಕೇಳಿದ್ದೀರಿ. ಪಾರ್ಸಲ್ ಅನ್ನೋ ಪದ ಓದಿದ ಕೂಡಲೇ ನನಗೆ 2015ರ ಒಂದು ಭಾನುವಾರ ನೆನಪಾಯಿತು. ಅದನ್ನ ಹೇಳದೆ ಮುಂದೆ ಹೋಗೋಕೆ ಆಗಲ್ಲ.

ಆಗ ನನ್ನ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಮಂಡ್ಯದವರು. ಮನೆ ನೋಡಿ, ಮುಹೂರ್ತ ಮಾತಾಡಿ ಹೋಗೋಣ ಅಂತ ಎಂಟು ಜನ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಬಂದಿಳಿದರು, ಅದೇ ರಾತ್ರಿ ವಾಪಸ್. ಇರೋದು ಒಂದೇ ದಿನ. ನನಗೋ ಊರಿನ ಮೇಲೆ ವಿಪರೀತ ಅಭಿಮಾನ, ರಾಗಿ ಮುದ್ದೆ ಉಣ್ಣೋ ಬೀಗರಿಗೆ ನಮ್ಮ ಕಡೆಯದ್ದೆಲ್ಲ ಒಂದೇ ದಿನದಲ್ಲಿ ತಿನ್ನಿಸಿಬಿಡಬೇಕು ಅಂತ ಹಟ. ವಾರದ ಮೊದಲೇ ಪಟ್ಟಿ ಬರೆದಿಟ್ಟಿದ್ದೆ, ನೀವು ಈಗ ಕೇಳ್ತಿರೋ ಥರದ್ದೇ. ಎಲ್ಲರನ್ನೂ ಬಿಸಿಲಲ್ಲಿ ಸುತ್ತಾಡಿಸೋದು ಯಾಕೆ, ನಾನೇ ಎಲ್ಲ ತಂದು ಮನೆಯ ಮೇಜಿನ ಮೇಲೆ ಹರಡಿಬಿಟ್ಟರೆ ಆಯ್ತಲ್ಲ ಅಂತ ನನ್ನ ಲೆಕ್ಕ. ಅವ್ವನಿಗೆ, ನೀನು ಅಡುಗೆ ಗಿಡುಗೆ ಅಂತ ದಣಿಬೇಡ, ಬರೀ ಅನ್ನ ಮಾಡು ಸಾಕು ಅಂದೆ. ಅವ್ವ ಏನೂ ಅನ್ನಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಬೆಳಿಗ್ಗೆ ಧಾರವಾಡಕ್ಕೆ ಹೋಗಿ ಲೈನ್ ಬಜಾರಲ್ಲಿ ಸಾಲು ನಿಂತು ಪೇಡಾ ತಂದೆ. ಆಗಿನ್ನೂ ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ ಇರಲಿಲ್ಲ, ಇಪ್ಪತ್ತು ಕಿಲೋಮೀಟರ್ ಬೈಕ್ ಮೇಲೆ ಹೋಗಿಬಂದೆ. ಬರ್ತಾ ಖಾನಾವಳಿಯಿಂದ ಮೂವತ್ತು ಬಿಸಿ ಜೋಳದ ರೊಟ್ಟಿ, ಎಣಗಾಯಿ, ಮಡಕಿಕಾಳು ಪಲ್ಯ. ಆಮೇಲೆ ಎಂಟು ಪ್ಲೇಟ್ ಗಿರ್ಮಿಟ್, ಹದಿನಾರು ಮಿರ್ಚಿ ಭಜಿ. ಮನೆ ಮುಟ್ಟಿದಾಗ ಹನ್ನೊಂದೂವರೆ.

ಹನ್ನೆರಡಕ್ಕೆ ಊಟ ಅಂದುಕೊಂಡಿದ್ದೆ. ಆದರೆ ಹಿರಿಯರು ಪಂಚಾಂಗ ತೆಗೆದು ಕೂತಿದ್ದರು. ಮದುವೆ ಮಂಡ್ಯದಲ್ಲೋ ಹುಬ್ಬಳ್ಳಿಯಲ್ಲೋ, ಛತ್ರ ಯಾರು ಹಿಡಿಯೋದು, ಈ ಮಾತು ಮುಗಿಯೋ ಹೊತ್ತಿಗೆ ಒಂದೂಮುಕ್ಕಾಲು.

ಈಗ ಗಿರ್ಮಿಟ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಮಾನ ಹೋಗಿದ್ದು ಅಲ್ಲೇ. ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿಸಿ, ಹುಣಸೆಹಣ್ಣಿನ ರಸ, ಚೂರು ಬೆಲ್ಲ ಹಾಕಿ ಕುದಿಸಿದ ಒಂದು ಗೊಜ್ಜು ಇರುತ್ತೆ. ನೀವು ಕೇಳಿದ ಮೇಲೆ ಆ ಗೊಜ್ಜನ್ನ ಚುರುಮುರಿಗೆ, ಅಂದರೆ ನಿಮ್ಮ ಕಡೆಯ ಕಡ್ಲೆಪುರಿಗೆ, ಹಾಕಿ ಕಲಸ್ತಾರೆ. ಮೇಲೆ ಪುಟಾಣಿ ಹಿಟ್ಟು, ಅಂದರೆ ನಿಮ್ಮ ಕಡೆಯ ಹುರಿಗಡಲೆ ಪುಡಿ. ಅದು ಬರೀ ರುಚಿಗಲ್ಲ, ಗೊಜ್ಜಿನ ಹಸಿಯನ್ನ ಸ್ವಲ್ಪ ಹೀರಿಕೊಂಡು ಚುರುಮುರಿಯನ್ನ ಕಾಪಾಡುತ್ತೆ. ಆದರೆ ಎಷ್ಟು ಹೊತ್ತು? ಐದು ನಿಮಿಷ, ಜಾಸ್ತಿ ಅಂದರೆ ಹತ್ತು. ಗಾಡಿಯವನು ಪ್ಲೇಟ್ ಕೈಗಿಟ್ಟ ಕೂಡಲೇ ತಿನ್ನಬೇಕು, ಅರ್ಧ ಕುರುಕು, ಅರ್ಧ ಮೆತ್ತಗೆ ಇರೋವಾಗ. ನಾನು ಕಲಸಿದ್ದನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಗಂಟು ಹಾಕಿಸಿಕೊಂಡು ಬಂದು ಎರಡು ಗಂಟೆಗೂ ಮೇಲೆ ಇಟ್ಟಿದ್ದೆ. ಗಾಡಿಯವನು ಆಗಲೇ ಕೇಳಿದ್ದ, "ಗೊಜ್ಜು ಬ್ಯಾರೆ, ಚುರುಮುರಿ ಬ್ಯಾರೆ ಕಟ್ಲೇನ್ರಿ?" ಅಂತ. ನಾನು ಗಡಿಬಿಡಿಯಲ್ಲಿ, ಬ್ಯಾಡ್ರಿ, ಕಲಸೇ ಕೊಡ್ರಿ ಅಂದಿದ್ದೆ. ಆ ಒಂದು ಮಾತಿಗೆ ಹೂಂ ಅಂದಿದ್ದರೆ ಇವತ್ತು ಈ ಉತ್ತರ ಬರೀತಿರಲಿಲ್ಲ.

ಚೀಲ ಬಿಚ್ಚಿದರೆ ಹಳದಿ ಮುದ್ದೆ. ಚಮಚದಲ್ಲಿ ಎತ್ತಿದರೆ ಇಡೀ ಮುದ್ದೆನೇ ಮೇಲೆ ಬಂತು. ಮಿರ್ಚಿ ಅದರದ್ದೇ ಹಬೆಗೆ ಬೆವರಿ, ಹಿಟ್ಟಿನ ಕವಚ ಒಂದು ಕಡೆ, ಮೆಣಸಿನಕಾಯಿ ಒಂದು ಕಡೆ. ರೊಟ್ಟಿ ಕಥೆ ಇನ್ನೂ ಚೆಂದ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ, ಅದಕ್ಕೇ ಬಿಸಿನೀರಲ್ಲಿ ನಾದಿ ಕೈಯಲ್ಲಿ ಬಡೀತಾರೆ. ಹಂಚಿನಿಂದ ನೇರ ತಟ್ಟೆಗೆ ಬಂದರೆ ಹತ್ತಿ, ಆರಿದರೆ ಚರ್ಮ. ನನ್ನ ಮೂವತ್ತೂ ಆರಿದ್ದವು. ನನ್ನ ಮಾವ ಆಗೋರು ಒಂದು ತುಂಡು ಹರಿಯೋಕೆ ಎರಡೂ ಕೈ ಹಚ್ಚಿದ್ದನ್ನ ನಾನು ಕಣ್ಣಾರೆ ನೋಡಿದೆ. ಎಲ್ಲರೂ "ಚೆನ್ನಾಗಿದೆ, ಚೆನ್ನಾಗಿದೆ" ಅಂದರು. ಯಾರ ಕೈಯೂ ಎರಡನೇ ತುತ್ತಿಗೆ ಹೋಗಲಿಲ್ಲ. ಮಾವನವರು ಗಿರ್ಮಿಟ್ ನೋಡಿ ಮೆಲ್ಲಗೆ ಮಗಳನ್ನ ಕೇಳಿದರು: "ಕಡ್ಲೆಪುರೀನ ಇವರು ನೆನೆಸ್ಕೊಂಡ್ ತಿಂತಾರೇನವ್ವ?"

ಅವ್ವ ಅಡುಗೆಮನೆಗೆ ಕರೆದು, "ಬೀಗರ ಮುಂದ ಪಾರ್ಸಲ್ ಇಡ್ತೀಯಲ್ಲೋ, ಮನ್ಯಾಗ ನಾ ಇಲ್ಲೇನು?" ಅಂದಳು. ಅಷ್ಟೇ. ಆಮೇಲೆ ಎರಡು ದಿನ ಮಾತಿಲ್ಲ.

ಊಟ ಉಳಿಸಿದ್ದು ಅವಳೇ. ಅನ್ನಕ್ಕೆ ಮೊಸರು ಕಲಸಿ, ಪಕ್ಕದಲ್ಲಿ ಶೇಂಗಾ ಹಿಂಡಿ, ರಂಜಕ ಇಟ್ಟಳು. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ರಂಜಕ ಅಂದರೆ ಕೆಂಪು ಹಣ್ಣುಮೆಣಸಿನಕಾಯಿ ರುಬ್ಬಿ ಮಾಡಿದ ಚಟ್ನಿ. ಆ ಬಣ್ಣ ನೋಡಿ ಎಲ್ಲರೂ ಹೆದರಿದರು, ಆದರೆ ಬ್ಯಾಡಗಿ ಕಡೆಯ ಕಾಯಿಗೆ ಬಣ್ಣ ಇದ್ದಷ್ಟು ಖಾರ ಇರಲ್ಲ. ಮಾವನವರು ಮೂರು ಸಲ ಹಿಂಡಿ ಹಾಕಿಸಿಕೊಂಡರು, ರಾತ್ರಿ ರೈಲಿಗೆ ಒಂದು ಡಬ್ಬಿ ಹೊತ್ತುಕೊಂಡೇ ಹೋದರು. ಒಂದು ಸಾವಿರದ ಚಿಲ್ಲರೆ ರೂಪಾಯಿ ಕೊಟ್ಟು ನಾನು ತಂದಿದ್ದರಲ್ಲಿ ಪೇಡಾ ಬಿಟ್ಟು ಉಳಿದದ್ದೆಲ್ಲ ಓಣಿಯ ಆಕಳ ಪಾಲು. ಆಕಳು ಕೂಡ ಮಿರ್ಚಿ ಮೂಸಿ ಬಿಟ್ಟಿತು.

ಹೀಗಾಗಿ ಯಾವ ಹೋಟೆಲ್ ಅಂತ ನಾನು ಹೇಳಲ್ಲ. ಹೋಟೆಲ್ ಹೆಸರು ಹಿಡಿದು ಹೊರಟರೆ ನನ್ನ ಹಾಗೇ ಆಗುತ್ತೆ. ನಮ್ಮ ಕಡೆ ತಿನ್ನೋದು ಹೊತ್ತು ನೋಡಿಕೊಂಡು. ರೊಟ್ಟಿ ಊಟ ಮಧ್ಯಾಹ್ನ ಒಂದರ ಸುಮಾರಿಗೆ, ಜನ ತುಂಬಿದ ಯಾವುದಾದರೂ ಖಾನಾವಳಿಯಲ್ಲಿ, ಒಳಗೆ ಪಟಪಟ ರೊಟ್ಟಿ ಬಡಿಯೋ ಸಪ್ಪಳ ಕೇಳ್ತಿರಬೇಕು. ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ ತಟ್ಟೆಗೆ ಬಂದರೆ ಅಲಂಕಾರಕ್ಕೆ ಅಂತ ಪಕ್ಕಕ್ಕಿಡಬೇಡಿ, ರೊಟ್ಟಿ ಜೊತೆ ಕಚ್ಚಿ. ಅವಸರಪಟ್ಟು ಅನ್ನ ಕೇಳಬೇಡಿ, ಅನ್ನ ಅಂದರೆ ನಿಮ್ಮ ರೊಟ್ಟಿ ಮುಗೀತು ಅಂತ ಅವರ ಲೆಕ್ಕ. ಮಾಂಸ ತಿನ್ನೋರಾದರೆ ಸಾವಜಿ ಖಾನಾವಳಿ ಬೇರೆಯದೇ ಲೋಕ, ಆದರೆ ಆ ಖಾರ ತಿಂದು ರಾತ್ರಿ ಬಸ್ಸು ಹತ್ತಬೇಡಿ, ಇದು ಇನ್ನೊಬ್ಬ ಗೆಳೆಯನ ಕಥೆ, ಇಲ್ಲಿ ಬೇಡ. ಚಳಿಗಾಲದಲ್ಲಿ ಬಂದು ಯಾರಾದರೂ ಹೊಲಕ್ಕೆ ಸೀತನಿ ತಿನ್ನೋಕೆ ಕರೆದರೆ ಉಳಿದ ಪಟ್ಟಿ ಹರಿದು ಹಾಕಿ ಹೋಗಿ. ಎಳೆ ಜೋಳದ ತೆನೆ ಬೆಂಕಿಯಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳು ಕೈಗೆ ಹಾಕ್ತಾರೆ. ಅದನ್ನ ಯಾವ ಹೋಟೆಲೂ ಕೊಡಲ್ಲ.

ಗಿರ್ಮಿಟ್, ಮಿರ್ಚಿ ಸಂಜೆ ಆರರ ಮೇಲೆ, ಊರ ನಡುವಿನ ದುರ್ಗದ ಬೈಲಲ್ಲಿ, ನಿಂತುಕೊಂಡು. ಕೂರೋಕೆ ಜಾಗ ಹುಡುಕಬೇಡಿ, ಅಷ್ಟರಲ್ಲಿ ಮೆತ್ತಗಾಗುತ್ತೆ. ಮೊದಲೇ ಕಲಸಿ ರಾಶಿ ಹಾಕಿದ್ದರೆ ಮುಂದಿನ ಗಾಡಿಗೆ ನಡೀರಿ.

ಪಾರ್ಸಲ್ ಬೇಕೇ ಬೇಕಾ? ಹಾಗಾದರೆ ಒಯ್ಯೋಕೆ ಅಂತಲೇ ಇರೋದನ್ನ ಒಯ್ಯಿರಿ. ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತೆ, ಮುರಿಯದ ಹಾಗೆ ಡಬ್ಬಿಯಲ್ಲಿಡಿ. ಶೇಂಗಾ ಹಿಂಡಿ, ಗುರೆಳ್ಳು (ನಿಮ್ಮ ಕಡೆಯ ಹುಚ್ಚೆಳ್ಳು) ಹಿಂಡಿ ತಗೊಳ್ಳಿ. ಪೇಡಾ ವಾಪಸ್ ಹೋಗೋ ದಿನ ಕೊಳ್ಳಿ, ಮೊದಲ ದಿನವೇ ಅಲ್ಲ, ರೂಮಲ್ಲೇ ಖಾಲಿ ಆಗುತ್ತೆ. ಪ್ಲೇಗ್ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಧಾರವಾಡಕ್ಕೆ ಬಂದ ಠಾಕೂರ್ ಮನೆತನ ಶುರು ಮಾಡಿದ್ದು ಅದು. ಖೋವಾವನ್ನ ಕಂದು ಬಣ್ಣ ಬರೋವರೆಗೆ ಹುರಿದಿರ್ತಾರೆ, ಹಾಗಾಗಿ ಪ್ರಯಾಣಕ್ಕೆ ಜಗ್ಗಲ್ಲ.

ಮದುವೆ ಆಯ್ತು, ಚಿಂತೆ ಬೇಡ. ಎರಡು ವರ್ಷದ ಮೇಲೆ ಮಾವನವರು ಮತ್ತೆ ಬಂದಾಗ ಆರೂವರೆಗೆ ದುರ್ಗದ ಬೈಲಿಗೆ ಕರೆದೊಯ್ದೆ. ನಿಂತಲ್ಲೇ ಎರಡು ಪ್ಲೇಟ್ ಮುಗಿಸಿದರು. ಮೂರನೆಯದನ್ನ ಅತ್ತೆಗೆ ಪಾರ್ಸಲ್ ಕಟ್ಟಿಸ್ತೀನಿ ಅಂದರು. ಈ ಸಲ ಗಾಡಿಯವನು ಕೇಳೋ ಮೊದಲೇ ನಾನೇ ಕೂಗಿದೆ, ಗೊಜ್ಜು ಬ್ಯಾರೆ ಕಟ್ರಿ ಅಂತ.